ಕರಡಿಯ ಊಟ ಯಾವ ಪಟ್ಟಿಗೆ?

ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ: ಶಾಲೆಯಲ್ಲಿ ಕಲಿತ ಈ ಮೂರು ಪಟ್ಟಿಗಳಲ್ಲಿ ಜಿಂಕೆಗೂ ಹುಲಿಗೂ ಜಾಗ ಹುಡುಕುವುದು ಸುಲಭ. ಕರಡಿಯ ಹತ್ತಿರ ಬಂದಾಗ ತೊಡಕು ಶುರುವಾಗುತ್ತದೆ. 1994ರಲ್ಲಿ ಕರಡಿಧಾಮವಾದ ದರೋಜಿಯ ಬಂಡೆಗಳ ನಡುವೆ ಓಡಾಡುವ ಈ ಪ್ರಾಣಿ, ವಂಶದ ಲೆಕ್ಕದಲ್ಲಿ ಹುಲಿ, ತೋಳಗಳಿರುವ 'ಕಾರ್ನಿವೋರಾ' ಗಣಕ್ಕೆ ಸೇರಿದ್ದು. ತಿನ್ನುವುದು ಮಾತ್ರ ಗೆದ್ದಲು, ಇರುವೆ, ಜೇನು, ಹಣ್ಣು. ವಂಶ ನೋಡಿ ಊಟ ಹೇಳಲಾಗದು. ಅದೇ ಗಣದ ಪಾಂಡಾ ಬಿದಿರು ತಿಂದೇ ಬದುಕುತ್ತದೆ.

ಹಾಗಾದರೆ ಯಾವುದನ್ನು ನೋಡಬೇಕು? ಮೊದಲು ಬಾಯಿ. ಹುಲಿಯ ದವಡೆಹಲ್ಲುಗಳು ಕತ್ತರಿಯ ಅಲಗುಗಳಂತೆ ಒಂದರ ಪಕ್ಕ ಒಂದು ಜಾರಿ ಮಾಂಸ ಸೀಳುತ್ತವೆ. ಹಸುವಿನ ದವಡೆ ಅಡ್ಡಡ್ಡ ಆಡಿ ಹುಲ್ಲು ಅರೆಯುತ್ತದೆ. ನಮ್ಮ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಅದು ಉಗುರಿನಿಂದ ಹುತ್ತ ಬಗೆದು, ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಉದ್ದನೆಯ ತುಟಿ ಚಾಚಿ, ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಹೀರುವ ಸದ್ದು ದೂರಕ್ಕೂ ಕೇಳಿಸುತ್ತದೆ. ಇಷ್ಟು ಚೆಂದದ ಹೊಂದಾಣಿಕೆಯನ್ನು 'ಮಿಶ್ರಾಹಾರಿ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ.

ಎರಡನೆಯದು ಹೊಟ್ಟೆ. ಮಾಂಸ ಬೇಗ ಅರಗುತ್ತದೆ, ಅದಕ್ಕೆ ಗಿಡ್ಡ ಕರುಳು ಸಾಕು. ಹುಲ್ಲಿನ ನಾರನ್ನು ಒಡೆಯಲು ಸೂಕ್ಷ್ಮಜೀವಿಗಳ ನೆರವು ಬೇಕು. ಹಸು ಅವನ್ನು ಹೊಟ್ಟೆಯ ಮೊದಲ ಕೋಣೆಯಲ್ಲೇ ಸಾಕಿಕೊಂಡು ಮೆಲುಕು ಹಾಕುತ್ತದೆ. ಆನೆಗೆ ಅವು ಕರುಳಿನ ಹಿಂಭಾಗದಲ್ಲಿವೆ, ಆದ್ದರಿಂದಲೇ ಲದ್ದಿಯಲ್ಲಿ ಅರಗದ ನಾರು ಕಣ್ಣಿಗೆ ಕಾಣುವಷ್ಟು ಉಳಿದಿರುತ್ತದೆ.

ನನ್ನ ಮಟ್ಟಿಗೆ ಅತಿ ಗಟ್ಟಿ ಸಾಕ್ಷಿ ಹಿಕ್ಕೆ. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿಗಳ ಬೇಟೆಯ ಬಗ್ಗೆ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೂ ಹಿಕ್ಕೆ ಮುಖ್ಯ ಆಧಾರವಾಗಿತ್ತು. ಹಿಕ್ಕೆಯನ್ನು ಜರಡಿಯಲ್ಲಿ ತೊಳೆದು, ಉಳಿದ ಕೂದಲನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅದು ಕಡವೆಯದೋ ಜಿಂಕೆಯದೋ ಗೊತ್ತಾಗುತ್ತದೆ. ಕರಡಿಯ ಹಿಕ್ಕೆಯಲ್ಲಿ ಸಿಗುವುದು ಬೀಜ ಮತ್ತು ಗೆದ್ದಲಿನ ತಲೆಗಳು.

ಒಂದು ಎಚ್ಚರಿಕೆ. ಜಿಂಕೆ ಕೂಡ ಕ್ಯಾಲ್ಸಿಯಂ, ರಂಜಕಕ್ಕಾಗಿ ಉದುರಿದ ಕೊಂಬು, ಮೂಳೆ ಕಡಿಯುವುದುಂಟು. ಅಷ್ಟಕ್ಕೇ ಅದು ಮಾಂಸಾಹಾರಿ ಆಗದು. ಬದುಕು ನಿಂತಿರುವುದು ಯಾವುದರ ಮೇಲೆ ಎಂಬುದೇ ಅಳತೆ. ಕರಡಿಯಲ್ಲಿ ಈ ಅಳತೆಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ: ಹಣ್ಣಿನ ಕಾಲದಲ್ಲಿ ಹಿಕ್ಕೆಯ ತುಂಬ ಬೀಜ, ಹಣ್ಣು ಮುಗಿದ ಮೇಲೆ ಗೆದ್ದಲು, ಇರುವೆ. ಆದ್ದರಿಂದ ಅದರ ಊಟ ತಿಳಿಯಬೇಕಾದವರು ವರ್ಷವಿಡೀ ಹಿಕ್ಕೆ ಆಯಬೇಕು.