ಬಡಾವಣೆಯೊಳಗೊಂದು ಊರು

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಲ್ಲಿ ನಿಂತು ‘ಇಲ್ಲೊಂದು ಹಳ್ಳಿ ಇದೆಯಲ್ಲ, ಎಲ್ಲಿ?’ ಎಂದು ಕೇಳಿದರೆ ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಎಲ್ಲೋ ಒಬ್ಬರು ಹೋಟೆಲಿನ ಹಿಂಬಾಗಿಲಿನ ಕಡೆ ಕೈ ತೋರಿಸುತ್ತಾರೆ. ಅವರು ಹೇಳುವುದೇ ಸರಿ.

ಹಳ್ಳಿ ಒಂದೇ ಅಲ್ಲ. ಬಿನ್ನಮಂಗಲ, ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯ, ಕೋಡಿಹಳ್ಳಿ, ದೊಮ್ಮಲೂರು, ತಿಪ್ಪಸಂದ್ರ ಎಲ್ಲವೂ ಬಡಾವಣೆ ಬರುವ ಮೊದಲೇ ಇದ್ದ ಊರುಗಳು. ದೊಮ್ಮಲೂರಿನ ಚೊಕ್ಕನಾಥ ಗುಡಿಯಲ್ಲಂತೂ 13ನೆಯ ಶತಮಾನದ ತಮಿಳು ಶಾಸನಗಳಿವೆ. ನಾನು ಹೊಕ್ಕಿದ್ದು ಈ ಸುತ್ತಿನ ಒಂದು ಊರನ್ನು. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಭಾನುವಾರ ಕ್ಯಾಮೆರಾ ಹಿಡಿದವರ ದಂಡೇ ಬಂದೀತು, ಅಲ್ಲಿನವರಿಗೆ ಅದು ಬೇಕಿಲ್ಲ.

ಬೆಳಿಗ್ಗೆ ಏಳರ ಸುಮಾರಿಗೆ ಮೆಟ್ರೊ ಇಳಿದೆ. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೊ ಓಡಿದ್ದು ಇದೇ ಕಂಬಗಳ ಮೇಲೆ, ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ. ಸಿಎಂಎಚ್ ರಸ್ತೆ ದಾಟಿ ನೂರಡಿ ರಸ್ತೆಗೆ ತಿರುಗಿದರೆ ಬ್ರೂವರಿಗಳೂ ಬಟ್ಟೆ ಅಂಗಡಿಗಳೂ ಷಟರ್ ಎಳೆದುಕೊಂಡು ಇನ್ನೂ ನಿದ್ದೆಯಲ್ಲಿದ್ದವು. ಇವೆಲ್ಲ ಒಂದು ಕಾಲಕ್ಕೆ ಸಂಸಾರಸ್ಥರ ಮನೆಗಳು. ಒಳಗಿನ ಅಡ್ಡರಸ್ತೆಗೆ ಹೊರಳಿದ ಮೇಲೆ ಅಂಥ ಕೆಲವು ಮನೆ ಈಗಲೂ ಸಿಕ್ಕವು. 40×60ರ ನಿವೇಶನ, ಗೇಟಿನ ಪಕ್ಕ ತೆಂಗಿನ ಮರ, ಕಾಂಪೌಂಡಿಗೆ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂಬ ಫಲಕ. ಮಾರುತ್ತೀರಾ ಎಂದು ಕೇಳುವವರ ಕಾಟ ಎಷ್ಟಿದ್ದರೆ ಆ ಫಲಕ ಬೇಕಾಗುತ್ತದೋ!

ಅಡ್ಡರಸ್ತೆಯ ತುದಿಯಲ್ಲಿ ದಾರಿ ಬಲಕ್ಕೆ ಹೊರಳಿ ತಟ್ಟನೆ ಕಿರಿದಾಯಿತು. ಅಲ್ಲಿಯವರೆಗೆ ಎರಡು ಕಾರು ಆರಾಮಾಗಿ ಹಾಯುತ್ತಿದ್ದವು. ಇಲ್ಲಿ ಒಂದು ಆಟೊ ಬಂದರೆ ನಡೆಯುವವರು ಗೋಡೆಗೆ ಒರಗಿ ನಿಲ್ಲಬೇಕು. ಮರಗಳ ಸಾಲು ಅಲ್ಲಿಗೇ ಮುಗಿಯಿತು, ಫುಟ್‌ಪಾತೂ ಅಲ್ಲಿಗೇ ಮುಗಿಯಿತು. ಗಡಿಕಲ್ಲು, ಬೋರ್ಡು ಏನೂ ಇಲ್ಲ. ಆದರೆ ಗ್ರಾಮಠಾಣದ ಗೆರೆ ದಾಟಿದ್ದೇನೆಂದು ಕಾಲಿಗೇ ಗೊತ್ತಾಗುತ್ತದೆ.

ಈ ಗೆರೆಯ ಕಥೆಯನ್ನು ಇಲ್ಲೇ ನಿಂತು ಹೇಳಿಬಿಡುತ್ತೇನೆ. 1971ರಲ್ಲಿ ಸುಮಾರು 16.5 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1981ರ ಹೊತ್ತಿಗೆ 29 ಲಕ್ಷ ದಾಟಿತ್ತು. ಆ ಜನಕ್ಕೆ ಮನೆ ಬೇಕಿತ್ತು. ಬಡಾವಣೆಗಾಗಿ ಹೊಲ, ತೋಟಗಳನ್ನು ಸರ್ವೆ ನಂಬರಿನ ಪ್ರಕಾರ ಸ್ವಾಧೀನಕ್ಕೆ ತೆಗೆದುಕೊಂಡರು. ಜನ ವಾಸವಿದ್ದ ಗ್ರಾಮಠಾಣವನ್ನು ಮಾತ್ರ ಮುಟ್ಟದೆ ಬಿಟ್ಟರು. ಮೇಲುನೋಟಕ್ಕೆ ಇದು ದಯೆಯೇ, ಯಾರ ಮನೆಯನ್ನೂ ಕೆಡವಲಿಲ್ಲವಲ್ಲ. ಆದರೆ ಎತ್ತಿನ ಗಾಡಿಗೆಂದು ಬಿಟ್ಟ ಓಣಿ ಓಣಿಯಾಗಿಯೇ ಉಳಿಯಿತು, ಊರು ಹಬ್ಬಲು ಇದ್ದ ಹೊಲ ಮಾತ್ರ ಕೈ ತಪ್ಪಿತು. ಇನ್ನೊಂದು ಲೆಕ್ಕವೂ ಇದೆ. ರೈತನ ಪರಿಹಾರಕ್ಕೆ ಎಕರೆಯ ಅಳತೆ, ನಿವೇಶನದ ಬೆಲೆಗೆ ಚದರಡಿಯ ಅಳತೆ. ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು ಕಳೆಯದೆ ಲೆಕ್ಕ ಹಾಕಿದರೆ 40×60ರ ಹದಿನೆಂಟು ನಿವೇಶನ. ಆ ಹದಿನೆಂಟರಲ್ಲಿ ಒಂದರ ಇವತ್ತಿನ ಬೆಲೆ ಕೇಳಿದರೆ ಹೊಲ ಕಳೆದುಕೊಂಡವರ ಮೊಮ್ಮಕ್ಕಳು ನಗುತ್ತಾರೋ ಅಳುತ್ತಾರೋ, ನಾನು ಕೇಳಲು ಹೋಗಲಿಲ್ಲ.

ಓಣಿಯಲ್ಲಿ ಮುಂದೆ ನಡೆದೆ. ಪಕ್ಕಕ್ಕೆ ಜಾಗವಿಲ್ಲದ ಊರು ಮೇಲಕ್ಕೆ ಬೆಳೆದಿದೆ. ಕೆಳಗೆ ಕೋಳಿ ಅಂಗಡಿ, ಮೊಬೈಲ್ ರೀಚಾರ್ಜ್, ಹಿಟ್ಟಿನ ಗಿರಣಿ. ಅದರ ಮೇಲೆ ಮೂರು, ನಾಲ್ಕು, ಕೆಲವೆಡೆ ಐದು ಅಂತಸ್ತು. ಮಹಡಿ ಏರಿದಂತೆ ಬಾಲ್ಕನಿ ಒಂದೊಂದು ಅಡಿ ಮುಂದೆ ಚಾಚಿಕೊಂಡು, ತುತ್ತತುದಿಯಲ್ಲಿ ಎದುರುಬದುರಿನವರು ಕಿಟಕಿಯಿಂದಲೇ ಸಕ್ಕರೆ ಬಟ್ಟಲು ದಾಟಿಸಬಹುದಾದಷ್ಟು ಹತ್ತಿರ. ನಡುವೆ ಕೇಬಲ್ಲು, ಒಣಗಲು ಹಾಕಿದ ಬಟ್ಟೆ, ಸಂದಿಯಲ್ಲಿ ಒಂದು ಚೂರು ಆಕಾಶ. ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಎಲ್ಲಿಯವರೆಗೆ ಬಂದೀತು ಎಂದು ಕಣ್ಣಳತೆಯಲ್ಲೇ ನೋಡಿದೆ. ನಾನು ಹೊಕ್ಕ ತಿರುವಿನವರೆಗೆ, ಅಷ್ಟೆ.

ನಾಲ್ಕು ಓಣಿ ಕೂಡುವ ಕಡೆ ಅರಳಿಕಟ್ಟೆ ಸಿಕ್ಕಿತು. ಬುಡದಲ್ಲಿ ನಾಗರಕಲ್ಲುಗಳು, ಮೇಲೆ ಅರಿಸಿನ ಕುಂಕುಮ, ಆಗಷ್ಟೇ ಇಟ್ಟ ಕನಕಾಂಬರ. ಪಕ್ಕದ ಕಟ್ಟಡದ ಮೂರನೆಯ ಮಹಡಿಯ ಮೂಲೆಯನ್ನು ಕತ್ತರಿಸಿದಂತೆ ಒಳಕ್ಕೆ ಬಿಟ್ಟು, ಮರದ ಕೊಂಬೆಗೆ ಜಾಗ ಮಾಡಿಕೊಟ್ಟಿದ್ದಾರೆ. ಇಂಚು ಇಂಚಿಗೂ ಬಾಡಿಗೆ ಬರುವ ಜಾಗದಲ್ಲಿ ಇಷ್ಟು ಬಿಟ್ಟದ್ದು ಭಕ್ತಿಗೋ ಭಯಕ್ಕೋ ತಿಳಿಯಲಿಲ್ಲ. ಕಟ್ಟೆಯ ಇನ್ನೊಂದು ಬದಿಗೆ ಗುಂಡಗಿನ ಕಾಂಕ್ರೀಟ್ ಚಪ್ಪಡಿ, ಅದರ ಮೇಲೆ ಎರಡು ಸ್ಕೂಟರು. ಹಳೆಯ ಬಾವಿ ಇರಬೇಕು ಅನ್ನಿಸಿತು. ಸಂಪೂ ಆಗಿರಬಹುದು.

ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನಪ್ಪ, ಮನೆ ನೋಡ್ತಿದೀಯಾ?’ ಅಂದರು.

‘ಇಲ್ಲಜ್ಜಿ, ಸುಮ್ನೆ ಊರು ನೋಡಣ ಅಂತ ಬಂದೆ.’

‘ಊರಾ? ಊರೆಲ್ಲೈತೆ?’ ಎಂದು ನಕ್ಕರು. ಚಪ್ಪಡಿಯ ಕೆಳಗಿರುವುದು ಬಾವಿಯೇ ಅಂತೆ, ನೀರು ಇಂಗಿ ಬಹಳ ವರ್ಷವಾಯಿತಂತೆ. ಹೋಟೆಲುಗಳಿರುವ ಕಡೆಗೆ ಗಲ್ಲ ಎತ್ತಿ ತೋರಿಸಿ, ‘ಅಲ್ಲಿಗಂಟ ನಮ್ಮೋರ ಹೊಲ. ರಾಗಿ, ಅವರೆ, ಹುಳ್ಳಿ. ಹೊಲ ಹೋಯ್ತು, ಕಣ ಹೋಯ್ತು, ಮನೆ ಒಂದು ಬಿಟ್ರು. ಈಗ ಬಾಡಿಗೇನೇ ನಮ್ಗೆ ರಾಗಿ’ ಅಂದರು. ಅಷ್ಟರಲ್ಲಿ ಮೇಲಿನಿಂದ ಮೊಮ್ಮಗ ಏನೋ ಕೂಗಿದ, ಇವರು ತೆಲುಗಿನಲ್ಲಿ ಗದರಿದರು. ನಗರದ ಪೂರ್ವದ ಊರುಗಳಲ್ಲಿ ಮನೆಮಾತು ತೆಲುಗೋ ತಮಿಳೋ ಆಗಿ, ಬೀದಿಮಾತು ಕನ್ನಡವಾಗಿರುವುದು ಹೊಸದೇನಲ್ಲ.

ಆ ಬಾಡಿಗೆ ಕೊಡುವವರು ಯಾರು? ಮುಂದಿನ ಓಣಿಯಲ್ಲಿ ಅದಕ್ಕೆ ಉತ್ತರವಿತ್ತು. ಒಂದೊಂದು ಕೋಣೆಯ ಮುಂದೆ ಏಳೆಂಟು ಜೊತೆ ಚಪ್ಪಲಿ, ಬಾಗಿಲಿಗೆ ನೇತುಹಾಕಿದ ಕಪ್ಪು ಏಪ್ರನ್‌ಗಳು. ರಾತ್ರಿ ಒಂದರವರೆಗೆ ನೂರಡಿ ರಸ್ತೆಯ ಅಡುಗೆಮನೆಗಳಲ್ಲಿ ನಿಂತವರು ಮಲಗಿದ್ದರು. ನಲ್ಲಿಯ ಬಳಿ ಎದ್ದಿದ್ದವರ ಮಾತು ಒಡಿಯಾ ಅನ್ನಿಸಿತು, ಇನ್ನಿಬ್ಬರದು ನೇಪಾಳಿ ಇರಬಹುದು. ಎದುರಿನಿಂದ ನೈಟ್ ಡ್ಯೂಟಿ ಮುಗಿಸಿದ ಸೆಕ್ಯುರಿಟಿಯವರು ಸಮವಸ್ತ್ರದಲ್ಲೇ ಬರುತ್ತಿದ್ದರು. ಮನೆಗೆಲಸದ ಹೆಂಗಸರು ಗುಂಪಾಗಿ ಬಡಾವಣೆಯ ಕಡೆ ಹೊರಟಿದ್ದರು. ಇಸ್ತ್ರಿಯವನು ಇದ್ದಿಲಿಗೆ ಗಾಳಿ ಹಾಕುತ್ತಿದ್ದ. ಬಡಾವಣೆ ಎಂಟು ಗಂಟೆಗೆ ಎದ್ದು ಕಾಫಿ ಕುಡಿಯಬೇಕಾದರೆ ಏಳಕ್ಕೆ ಈ ಓಣಿ ಖಾಲಿಯಾಗಬೇಕು.

ನಕ್ಷೆ ಬರೆದವರು ಮನೆಗೆ, ಪಾರ್ಕಿಗೆ, ಶಾಲೆಗೆ ಜಾಗ ತೋರಿಸಿದರು. ಆ ಮನೆಗಳಲ್ಲಿ ದುಡಿಯುವವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದಕ್ಕೆ ಗೆರೆ ಎಳೆಯಲಿಲ್ಲ. ಆ ಭಾರ ಹೊತ್ತದ್ದು ನಕ್ಷೆಯಿಂದ ಹೊರಗುಳಿದ ಊರು. ಇದು ಈ ಭಾಗಕ್ಕೆ ಹಳೆಯ ಚಾಳಿಯೂ ಹೌದು. 1809ರಲ್ಲಿ ಹಲಸೂರಿನ ಮಗ್ಗುಲಿಗೆ ಬ್ರಿಟಿಷರ ದಂಡು ಬಂದಾಗಲೂ ಬಂಗಲೆಗಳಿಗೆ ಎಕರೆಗಟ್ಟಲೆ ಕಾಂಪೌಂಡು, ಅಗಲವಾದ ರಸ್ತೆ. ಅವರಿಗೆ ಮಾಂಸ, ಬ್ರೆಡ್ಡು, ಕುದುರೆಯ ಹುಲ್ಲು ಒದಗಿಸುವವರೂ ಆಳುಕಾಳುಗಳೂ ಇಕ್ಕಟ್ಟಿನಲ್ಲಿ ನೆಲೆಸಿದ್ದು ಹಲಸೂರು ಬಜಾರಿನಲ್ಲಿ, ಈಗ ಶಿವಾಜಿನಗರ ಎನ್ನುವ ಬ್ಲ್ಯಾಕ್‌ಪಲ್ಲಿಯಲ್ಲಿ. ದಂಡು ಮತ್ತು ಪೇಟೆ ಒಂದೇ ಪಾಲಿಕೆಯಡಿ ಬಂದದ್ದು 1949ರಲ್ಲಿ. ರಸ್ತೆಯ ಅಗಲ ಮಾತ್ರ ಒಂದಾಗಲೇ ಇಲ್ಲ.

ಈ ಓಣಿಗಳ ಬಗ್ಗೆ ಯಾರಾದರೂ ಮಾತೆತ್ತಿದರೆ ಮೊದಲು ಬರುವುದು ‘ಅಕ್ರಮ’. ಸೆಟ್‌ಬ್ಯಾಕ್ ಇಲ್ಲ, ಅಂತಸ್ತು ಹೆಚ್ಚು, ನಿಜ. ವಾಸದ ಮನೆಯ ತಾರಸಿಯಲ್ಲಿ ಬಾರ್ ನಡೆಸುವುದೂ ಆ ಬಡಾವಣೆಯ ನಕ್ಷೆಯಲ್ಲಿ ಇರಲಿಲ್ಲ. ಅದನ್ನು ಮಾತ್ರ ‘ಬೆಳವಣಿಗೆ’ ಅನ್ನುತ್ತೇವೆ.

ಕೊನೆಯ ತಿರುವಿನಲ್ಲಿ ಮಾರಮ್ಮನ ಗುಡಿ, ಹೊಸ ಟೈಲ್ಸು, ಊರಹಬ್ಬಕ್ಕೆ ಚಂದಾ ಕೊಟ್ಟವರ ದೊಡ್ಡ ಬ್ಯಾನರು. ಅದರಾಚೆ ಟ್ಯಾಂಕರೊಂದು ಪೈಪು ಬಿಚ್ಚಿಕೊಂಡು ನಿಂತಿತ್ತು. ಅಲ್ಲಿಂದ ಐದು ನಿಮಿಷಕ್ಕೆ ಹಳೆ ಮದ್ರಾಸ್ ರಸ್ತೆ. ಕೆ.ಆರ್. ಪುರದ ಬಸ್ಸು ಹತ್ತಿದೆ.

ಆ ದಾರಿ ಹಿಡಿದದ್ದಕ್ಕೆ ಕಾರಣವಿದೆ. ಕೆ.ಆರ್. ಪುರದ ಆಚೆಗಿನ ಅನೇಕ ಹಳ್ಳಿಗಳಲ್ಲಿ ಸುತ್ತ ಬಡಾವಣೆ ಬರಲೇ ಇಲ್ಲ. ಹೊಲಗಳನ್ನು ಸರ್ವೆ ನಂಬರ್ ಸರ್ವೆ ನಂಬರಾಗಿ, ಬಡಾವಣೆಯ ನಕ್ಷೆಯಿಲ್ಲದ ರೆವಿನ್ಯೂ ಸೈಟುಗಳಾಗಿ ಮಾರಿದರು, ಹಾಗಾಗಿ ಅಲ್ಲಿ ನೂರಡಿ ರಸ್ತೆ ಯಾರ ಪಾಲಿಗೂ ಇಲ್ಲ. 2007ರಲ್ಲಿ ನಗರದ ಗಡಿ ಹಿಗ್ಗಿದಾಗ ಸುತ್ತಲಿನ 110 ಹಳ್ಳಿಗಳು ಒಳಗೆ ಬಂದವು. ಅವುಗಳಿಗೆಂದೇ ರೂಪಿಸಿದ ಕಾವೇರಿ ನೀರಿನ ಯೋಜನೆಯ ಐದನೆಯ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಕಾವೇರಿಯ ಮೊದಲ ಹಂತ ಬೆಂಗಳೂರಿಗೆ ಬಂದದ್ದು 1974ರಲ್ಲಿ. ನಾನು ನಡೆದ ಊರಿನಲ್ಲಿ ಟ್ಯಾಂಕರ್ ನಿಂತಿತ್ತು, ನಿಜ. ಆದರೂ ಬಡಾವಣೆಗೆ ಹಾಕಿದ ಪೈಪು ಆ ಓಣಿಯ ಬಾಯಿಯವರೆಗಾದರೂ ಬಂದಿದೆ. ಈ ಕಡೆ 2007ರಿಂದ ನಗರದ ತೆರಿಗೆ ಕಟ್ಟುತ್ತಾ ಬಂದವರು ಅಷ್ಟೂ ವರ್ಷ ಕಾದದ್ದು ಬೋರ್‌ವೆಲ್ ಮತ್ತು ಟ್ಯಾಂಕರನ್ನು ನಂಬಿಕೊಂಡು.