ಬೋರ್‌ವೆಲ್ ನೀರಿನ ಪಾಷಾಣ ಮತ್ತು ಕೊಟ್ಟಿಗೆಯ ಸಗಣಿ



2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತದ್ದು ನಿಮಗೆ ನೆನಪಿರಬಹುದು. ನೀರಿನಲ್ಲಿ ರೋಗಾಣು ಇದ್ದರೆ ಕುದಿಸಿ ಕುಡಿಯಬೇಕು. ಆದರೆ ನಮ್ಮ ಜಿಲ್ಲೆಯ ಕೆಲವು ಬೋರ್‌ವೆಲ್‌ಗಳಲ್ಲಿರುವ ಆರ್ಸೆನಿಕ್, ಅಂದರೆ ಪಾಷಾಣ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಪಾಷಾಣ ಪಾತ್ರೆಯಲ್ಲೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ.

ಇದು ಬರುವುದು ಕಲ್ಲಿನಿಂದ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ದೇವದುರ್ಗ ತಾಲ್ಲೂಕಿನ ಊಟಿ ಗಣಿಗಳಲ್ಲಿ ಚಿನ್ನ ಸಿಗುತ್ತದಲ್ಲ, ಅಂಥ ಬಂಡೆಗಳಲ್ಲಿ ಚಿನ್ನದ ಜೊತೆಗೇ ಪಾಷಾಣವೂ ಇರುತ್ತದೆ. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲು ಗಡುಸಾದವು, ಮೈಮೇಲೆ ಕಲೆಗಳೆದ್ದವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದು ಗ್ರಾಂನ ನೂರನೇ ಒಂದು ಪಾಲು.

ಇದನ್ನು ತೆಗೆಯಲು ಈಗ ಎರಡು ದಾರಿಗಳಿವೆ. ಒಂದು, ನ್ಯಾನೋ ಕಣ. ಐಐಟಿ ಮದ್ರಾಸಿನ ಪ್ರೊ. ಟಿ. ಪ್ರದೀಪ್ ಅವರ ತಂಡ ‘ಅಮೃತ್’ ಎಂಬ ಫಿಲ್ಟರ್ ಮಾಡಿದೆ. ಅದರಲ್ಲಿರುವುದು ಕಬ್ಬಿಣದ ತುಕ್ಕಿನ ಜಾತಿಯ ವಸ್ತುವೇ, ಆದರೆ ಕಣಗಳು ಅತಿ ಸಣ್ಣವು. ಇಡೀ ಜೋಳಕ್ಕಿಂತ ಹಿಟ್ಟು ಹೆಚ್ಚು ನೀರು ಹಿಡಿಯುವ ಹಾಗೆ, ಕಣ ಸಣ್ಣದಾದಷ್ಟೂ ಪಾಷಾಣ ಅಂಟಿಕೊಳ್ಳಲು ಜಾಗ ಹೆಚ್ಚು.

ಹಾಗೆ ಅಂಟಿಕೊಂಡ ಪಾಷಾಣವನ್ನು ಆಮೇಲೆ ಎಲ್ಲಿ ಹಾಕುವುದು? ಚರಂಡಿಗೆ ಚೆಲ್ಲಿದರೆ ಅದು ಮತ್ತೆ ಬೋರಿಗೇ ಇಳಿಯುತ್ತದೆ. ಎರಡನೇ ದಾರಿ ಇರುವುದು ಇಲ್ಲಿಯೇ, ನಮ್ಮ ಕೊಟ್ಟಿಗೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನೀರಿನಿಂದ ಬೇರ್ಪಡಿಸಿದ ಪಾಷಾಣವನ್ನು ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಒಪ್ಪಿಸಿದರು. ಸರಾಸರಿ 8 ದಿನಗಳಲ್ಲಿ ಅವು ಅದನ್ನು ಕಡಿಮೆ ವಿಷದ ರೂಪಕ್ಕೆ ತಿರುಗಿಸಿದವು. ಉಳಿದ ಸಗಣಿಯನ್ನೂ ಎಲ್ಲೆಂದರಲ್ಲಿ ಹಾಕುವಂತಿಲ್ಲ, ಅದಕ್ಕೆಂದೇ ಇರುವ ಜಾಗದಲ್ಲಿ ಹೂಳಬೇಕು. (ಇದನ್ನು ಓದಿ ಯಾರೂ ಬೋರಿಗೆ ಸಗಣಿ ಸುರಿಯಬೇಡಿ! ಪಾಷಾಣ ಹೋಗುವುದಿಲ್ಲ, ವಾಂತಿಭೇದಿ ಬರುತ್ತದೆ.)

ಇನ್ನು ನಿಮ್ಮ ರಾಸುಗಳ ಮಾತು. ಹಾಲು ಕೊಡುವ ಎಮ್ಮೆ ಬೇಸಿಗೆಯಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಕುಡಿಯಬಹುದು. ಒಳಗೆ ಹೋದ ಪಾಷಾಣ ಬಹುಪಾಲು ಗಂಜಲ, ಸಗಣಿಯಲ್ಲಿ ಹೊರಬರುತ್ತದೆ. ಹಾಲಿಗೆ ಸೇರುವುದು ಸ್ವಲ್ಪವೇ. ಹಾಗಾಗಿ ನನಗೆ ಹೆಚ್ಚು ಚಿಂತೆ ಹಾಲಿನದ್ದಲ್ಲ, ಅದೇ ನೀರು ಕುಡಿದು ಅದರಲ್ಲೇ ಅಡುಗೆ ಮಾಡುವ ನಿಮ್ಮದು, ನಿಮ್ಮ ಮಕ್ಕಳದು. ಪಾಷಾಣವಿರುವ ಊರಿನ ಕುಳ್ಳು ಉರಿಸಿದರೆ ಹೊಗೆಯಲ್ಲೂ ಅದು ಬರುತ್ತದೆಂದು ಬಂಗಾಳದ ಕಡೆ ಕಂಡುಬಂದಿದೆ.

ದೇವದುರ್ಗ, ಮಾನ್ವಿ ಕಡೆಯ ಸದಸ್ಯೆಯರು ಕುಡಿಯುವ ಬೋರಿನ ನೀರನ್ನು ಪಂಚಾಯಿತಿ ಮೂಲಕ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿಸಿ. ‘ಆರ್ಸೆನಿಕ್ ನೋಡಿ’ ಎಂದು ಬಾಯಿಬಿಟ್ಟು ಕೇಳಿ, ಮಾಮೂಲಿ ಪರೀಕ್ಷೆಯಲ್ಲಿ ಅದು ಇರದಿರಬಹುದು. ಮಿತಿ ಮೀರಿದ್ದರೆ ಆ ನೀರು ಬಟ್ಟೆಗೆ, ಕೊಟ್ಟಿಗೆ ತೊಳೆಯಲು ಇರಲಿ. ಕುಡಿಯಲು, ಅಡುಗೆಗೆ ಬೇರೆ ನೀರು ಬೇಕೆಂದು ಪಂಚಾಯಿತಿಯನ್ನು ಕೇಳಿ. ರಾಸುಗಳಿಗೂ ಆದಷ್ಟು ಬೇರೆ ನೀರನ್ನೇ ಕುಡಿಸಿ.