ಬೆರಳಿನ ಮಿತಿ ದಾಟಿದ ಪಿಯಾನೊ, ದಾಟಲಾಗದ ಕಿವಿಯ ಮಿತಿ

ಕೃಷ್ಣೆಯ ದಂಡೆಯಲ್ಲಿರುವ ತಂಗಡಗಿಯಂಥ ಊರಿನಲ್ಲಿ ಭಜನೆಗೆ ಕುಳಿತ ಹಾರ್ಮೋನಿಯಂ ವಾದಕನ ಒಂದು ಕೈ ತಿದಿ ಒತ್ತುತ್ತದೆ, ಇನ್ನೊಂದು ಕೈ ಸ್ವರ ಹಿಡಿಯುತ್ತದೆ. ಏಕಕಾಲಕ್ಕೆ ಎಷ್ಟು ಸ್ವರ ನುಡಿಸಬಹುದು ಎಂಬುದಕ್ಕೆ ಅಲ್ಲಿ ಐದು ಬೆರಳುಗಳೇ ಮಿತಿ. 88 ಕೀಲಿಗಳ ಪಿಯಾನೊದಲ್ಲಿ ಹತ್ತು ಬೆರಳುಗಳು ದುಡಿಯುತ್ತವೆ. ಆದರೆ ಬೆರಳುಗಳ ಹಂಗನ್ನೇ ತೊರೆದು ಯಂತ್ರಕ್ಕಾಗಿ ಸಂಗೀತ ರಚಿಸಿದರೆ?

ಈ ಪ್ರಶ್ನೆಯನ್ನು ಬೆನ್ನಟ್ಟಿ ಜೀವನ ಸವೆಸಿದವರು ಅಮೆರಿಕದಲ್ಲಿ 1912ರಲ್ಲಿ ಜನಿಸಿದ ಕಾನ್ಲನ್ ನ್ಯಾಂಕಾರೊ. ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಮರಳಿದ ಅವರು 1940ರಲ್ಲಿ ಮೆಕ್ಸಿಕೋದಲ್ಲಿ ನೆಲೆಸಿದರು. ತಮ್ಮ ಲಯಗಳನ್ನು ನುಡಿಸಬಲ್ಲ ವಾದಕರು ದೊರೆಯದ ಕಾರಣ ಸ್ವಯಂಚಾಲಿತ ಪಿಯಾನೊವನ್ನು ಆಶ್ರಯಿಸಿದರು. ಕಾಗದದ ಸುರುಳಿಯಲ್ಲಿ ಕೊರೆದ ಒಂದೊಂದು ರಂಧ್ರವೂ ಒಂದೊಂದು ಸ್ವರ. ಕೆಲವೇ ನಿಮಿಷಗಳ ಕೃತಿಗಾಗಿ ತಿಂಗಳುಗಟ್ಟಲೆ ರಂಧ್ರ ಕೊರೆಯಬೇಕಿತ್ತು.

ಅವರ ‘ಅಧ್ಯಯನ’ ಮಾಲಿಕೆಯ 14ನೇ ಕೃತಿಯಲ್ಲಿ ಒಂದೇ ರಾಗಸಾಲು 4:5ರ ಅನುಪಾತದ ಎರಡು ವೇಗಗಳಲ್ಲಿ ಜೊತೆಜೊತೆಯಾಗಿ ಸಾಗುತ್ತದೆ. ಕರ್ನಾಟಕ ಸಂಗೀತ ಬಲ್ಲವರು ಇದನ್ನು ಚತುರಶ್ರ ಮತ್ತು ಖಂಡ ನಡೆಗಳು ಏಕಕಾಲಕ್ಕೆ ನಡೆದಂತೆ ಊಹಿಸಿಕೊಳ್ಳಬಹುದು. 37ನೇ ಕೃತಿಯಲ್ಲಿ ಇಂಥ ವೇಗಗಳು ಹನ್ನೆರಡು.

ನ್ಯಾಂಕಾರೊ ಕೈಯಿಂದ ಕೊರೆದದ್ದನ್ನು ಇಂದು ಕಂಪ್ಯೂಟರ್ ಕ್ಷಣಾರ್ಧದಲ್ಲಿ ಬರೆಯುತ್ತದೆ. 1983ರಲ್ಲಿ ಬಂದ ‘ಮಿಡಿ’ ಪದ್ಧತಿಯ ಕಡತದಲ್ಲಿ ಧ್ವನಿ ಇರುವುದಿಲ್ಲ. ಯಾವ ಕೀಲಿ, ಯಾವಾಗ, ಎಷ್ಟು ಬಿರುಸಾಗಿ ಎಂಬ ಆದೇಶಗಳಷ್ಟೇ ಇರುತ್ತವೆ. 2009ರಲ್ಲಿ ಜಪಾನಿನಲ್ಲಿ ಮೊದಲಾದ ‘ಬ್ಲ್ಯಾಕ್ ಮಿಡಿ’ ಪ್ರಯೋಗಗಳು ಈ ಸೌಲಭ್ಯವನ್ನು ತುತ್ತತುದಿಗೆ ಒಯ್ದವು. ಒಂದೇ ಕೃತಿಯಲ್ಲಿ ಲಕ್ಷಾಂತರ ಸ್ವರಗಳು. ಸ್ವರಲಿಪಿಯಲ್ಲಿ ಬರೆದರೆ ಹಾಳೆಯೇ ಕಪ್ಪಾಗುವುದರಿಂದ ಈ ಹೆಸರು.

ಆದರೆ ಯಂತ್ರಕ್ಕೂ ಮಿತಿಯುಂಟು. ಮೂಲ ಮಿಡಿ ತಂತಿಯಲ್ಲಿ ಸೆಕೆಂಡಿಗೆ ಹರಿಯುವುದು 31,250 ಬಿಟ್‌ಗಳು. ಒಂದು ಸ್ವರದ ಆದೇಶಕ್ಕೆ ಸಾಮಾನ್ಯವಾಗಿ 30 ಬಿಟ್ ಬೇಕು. ಅಂದರೆ ಸೆಕೆಂಡಿಗೆ ಸುಮಾರು ಸಾವಿರ ಆದೇಶ. 88 ಕೀಲಿಗಳನ್ನೂ ಸೆಕೆಂಡಿಗೆ 20 ಬಾರಿ ಒತ್ತಬೇಕೆಂದರೆ 1,760 ಆದೇಶಗಳಾಗುತ್ತವೆ, ತಂತಿ ಸೋಲುತ್ತದೆ. ಆದ್ದರಿಂದಲೇ ಇಂಥ ಕೃತಿಗಳನ್ನು ಕಂಪ್ಯೂಟರಿನ ಒಳಗೇ ತಂತ್ರಾಂಶದ ಪಿಯಾನೊದಿಂದ ನುಡಿಸಲಾಗುತ್ತದೆ.

ಯಂತ್ರದ ಮಿತಿಯನ್ನು ಹೀಗೆ ದಾಟಬಹುದು, ಕಿವಿಯ ಮಿತಿಯನ್ನಲ್ಲ. ಒಂದೇ ಸಮನೆ ಬೀಳುವ ಬಡಿತಗಳು ಸೆಕೆಂಡಿಗೆ ಸುಮಾರು 20ನ್ನು ಮೀರಿದರೆ ಅವು ಬಿಡಿಬಿಡಿಯಾಗಿ ಕೇಳಿಸದೆ ಒಂದೇ ನಾದವಾಗಿ ಬೆರೆಯತೊಡಗುತ್ತವೆ. ಎಲ್ಲ ಕೀಲಿಗಳೂ ಒಟ್ಟಿಗೆ ಮೊರೆದಾಗ ರಾಗವೂ ಲಯವೂ ಮುಳುಗಿ ಉಳಿಯುವುದು ಗದ್ದಲ ಮಾತ್ರ. ಹತ್ತು ಸಾವಿರ ಸ್ವರಗಳಿಗೂ ಇಪ್ಪತ್ತು ಸಾವಿರ ಸ್ವರಗಳಿಗೂ ಕೇಳುಗನ ಪಾಲಿಗೆ ಅಂತರವೇ ಇಲ್ಲದಂತಾಗುತ್ತದೆ.

ಸಂಯೋಜಕನ ನಿಜವಾದ ಕೆಲಸ ಪ್ರಾರಂಭವಾಗುವುದು ಇಲ್ಲಿಯೇ. ಮಿಡಿಯಲ್ಲಿ ಕೀಲಿಯ ಬಿರುಸನ್ನು 1ರಿಂದ 127ರವರೆಗೆ ನಿಗದಿಪಡಿಸಬಹುದು. ಮುಖ್ಯ ರಾಗಸಾಲಿಗೆ 110, ಸುತ್ತಲಿನ ಸಾವಿರ ಸ್ವರಗಳಿಗೆ 20 ಕೊಟ್ಟರೆ ಆ ಸಾವಿರವೂ ಹಿನ್ನೆಲೆಯ ಮಂಜಿನಂತೆ ಸರಿದು ರಾಗ ಸ್ಪಷ್ಟವಾಗುತ್ತದೆ. ಮಂದ್ರದಲ್ಲಿ ಸ್ವರಗಳನ್ನು ವಿರಳಗೊಳಿಸುವುದು ಇನ್ನೊಂದು ಉಪಾಯ. ಸ್ವರಗಳು ಬಹುಬೇಗ ಕಲಸಿಹೋಗುವುದು ಅಲ್ಲಿಯೇ. ದಟ್ಟಣೆಗೆ ಮೊದಲು ಒಂದೆರಡು ಸೆಕೆಂಡು ಮೌನ ಇರಿಸಿದರೆ ಅದರ ಪರಿಣಾಮ ಇಮ್ಮಡಿಯಾದಂತೆ ಅನಿಸುತ್ತದೆ.

1997ರಲ್ಲಿ ನಿಧನರಾದ ನ್ಯಾಂಕಾರೊ ಅವರಿಗೆ ಒಂದೊಂದು ರಂಧ್ರಕ್ಕೂ ಶ್ರಮ ತಗಲುತ್ತಿದ್ದುದರಿಂದ ಬೇಡದ ಸ್ವರ ತಾನಾಗಿಯೇ ಹೊರಗುಳಿಯುತ್ತಿತ್ತು. ಈಗ ಸ್ವರ ಸೇರಿಸಲು ಶ್ರಮವಿಲ್ಲ. ಆದ್ದರಿಂದ ಯಾವುದನ್ನು ಕೈಬಿಡಬೇಕೆಂಬ ನಿರ್ಧಾರದ ಹೊಣೆ ಪೂರ್ತಿಯಾಗಿ ಸಂಯೋಜಕನ ಹೆಗಲೇರಿದೆ. ಐದು ಬೆರಳುಗಳ ಹಾರ್ಮೋನಿಯಂ ವಾದಕನಿಗೆ ಈ ವಿವೇಕವನ್ನು ವಾದ್ಯವೇ ಕಲಿಸುತ್ತದೆ. ಕಂಪ್ಯೂಟರಿನ ಮುಂದೆ ಕುಳಿತವನು ಅದನ್ನು ತನ್ನ ಕಿವಿಯಿಂದಲೇ ಕಲಿಯಬೇಕು.